ಜಾಲರಿಯಾಚೆಯ ಗುಮ್ಮಟ

ಪೆಟ್ರೋನಿಯೊ ಗ್ರಿಮಲ್ಡೊನಿ ಎಡಗಣ್ಣು ಮುಚ್ಚಿಕೊಂಡೇ ಬೊಲೋನ್ಯದ ಬೀದಿಗಳಲ್ಲಿ ನಡೆಯುತ್ತಿದ್ದ. ಕುರುಡೇನಲ್ಲ, ಎರಡೂ ಕಣ್ಣು ನೆಟ್ಟಗಿದ್ದವು. ಆದರೂ ಕಮಾನು ಜಗಲಿಗಳ ಕೆಳಗೆ ಬಲಗಣ್ಣೊಂದನ್ನೇ ಮುಂದೆ ಮಾಡಿಕೊಂಡು, ಕೊಕ್ಕರೆಯಂತೆ ಕತ್ತು ಚಾಚಿ, ಎದುರು ಬಂದವರಿಗೆಲ್ಲ ಡಿಕ್ಕಿ ಹೊಡೆಯುತ್ತ ಸಾಗುತ್ತಿದ್ದ. ಕೇಳಿದರೆ, "ಎರಡು ಕಣ್ಣು ಅಂದ್ರೆ ಎರಡು ಸಾಕ್ಷಿ ಇದ್ದ ಹಾಗೆ. ಒಂದರ ಮಾತು ಇನ್ನೊಂದಕ್ಕೆ ಕೂಡಲ್ಲ" ಎನ್ನುವನು. ನಶ್ಯದ ಬಣ್ಣದ ಅವನ ಕೋಟಿನ ಜೇಬಿನಿಂದ ಸದಾ ದಾರದ ತುದಿ ಜೋತಾಡುತ್ತಿತ್ತು.

ಚಾವಣಿಗೆ ಚಿತ್ರ ಬರೆಯುವುದು ನಮ್ಮೂರಲ್ಲಿ ಜೋಡೆತ್ತಿನ ಕೆಲಸ. ಒಬ್ಬ ಸುಳ್ಳು ಕಂಬ, ಸುಳ್ಳು ಕಮಾನು, ಸುಳ್ಳು ಗುಮ್ಮಟಗಳನ್ನು ಎಬ್ಬಿಸುತ್ತಾನೆ. ಇನ್ನೊಬ್ಬ ಅವುಗಳ ಅಂಚಿನಲ್ಲಿ ದೇವದೂತರನ್ನು ಕೂರಿಸುತ್ತಾನೆ. ನಮ್ಮ ಜೋಡಿಯಲ್ಲಿ ಕಟ್ಟಡವೆಲ್ಲ ಪೆಟ್ರೋನಿಯೊದು, ದೇವದೂತರೆಲ್ಲ ನನ್ನವರು. ಸಪಾಟು ಚಾವಣಿಯ ಮೇಲೆ ಬರೆದ ಗುಮ್ಮಟ ನಿಜವಾದ ಗುಮ್ಮಟದಂತೆ ಕಾಣಲು ನೆಲದ ಮೇಲೆ ಒಂದೇ ಒಂದು ಜಾಗವಿರುತ್ತದೆ. ಅಲ್ಲಿಂದ ಸರಿದರೆ ಕಂಬಗಳೆಲ್ಲ ಓಲಾಡತೊಡಗುತ್ತವೆ. ಪೆಟ್ರೋನಿಯೊಗೆ ಆ ಜಾಗವೇ ಧರ್ಮ; ಅಲ್ಲಿ ನಿಂತವರ ಕಣ್ಣಿನಿಂದ ಚಾವಣಿಯವರೆಗೆ ದಾರ ಎಳೆದೇ ಅವನು ಪ್ರತಿ ಗೆರೆಯನ್ನೂ ಗುರುತಿಸುತ್ತಿದ್ದ. "ಇಲ್ಲಿ ನಿಲ್ಲಿ ಸ್ವಾಮಿ, ಇಲ್ಲಿ, ಇಲ್ಲಿ" ಎಂದು ಬಿಷಪ್ಪರನ್ನೂ ಮೊಣಕೈ ಹಿಡಿದು ಎಳೆದ ಭೂಪ. ಊಟಕ್ಕೆ ಕೂತರೆ ದ್ರಾಕ್ಷಾರಸದ ಹೂಜಿ ಅವನ ಕಣ್ಣಿಗೆ ಸರಿಬರುವಷ್ಟರಲ್ಲಿ ನನ್ನ ಬಟ್ಟಲಿನ ತೊರ್ತೆಲ್ಲೀನಿ ಕಡುಬು ಆರಿ ಹೋಗುತ್ತಿತ್ತು.

ಅವನಿಗೊಬ್ಬಳೇ ಮಗಳು, ದೊರೊತೇಯಾ. ತಾಯಿ ತೀರಿಕೊಂಡ ಮೇಲೆ, ಇನ್ನೂ ಎಳೆಯ ವಯಸ್ಸಿನಲ್ಲೇ ಸನ್ಯಾಸಿನಿಯರ ಮಠ ಸೇರಿದ್ದಳು. ಒಳಗೆ ಹೋದವರು ಹೊರಬರುವಂತಿಲ್ಲ, ಗಂಡಸರು ಒಳಹೋಗುವಂತಿಲ್ಲ. ಬಲಿಪೀಠದ ಹಿಂದಿನ ಕಬ್ಬಿಣದ ಜಾಲರಿಯಾಚೆ ಅವರ ಪ್ರಾರ್ಥನೆ, ಈಚೆ ಊರವರದು; ಆಚೆಯ ಕತ್ತಲಲ್ಲಿರುವವರ ದನಿ ಕೇಳುವುದೇ ಹೊರತು ಮುಖ ಕಾಣದು. ಆ ಮಠದ ಚರ್ಚಿಗೇ ಗುಮ್ಮಟ ಬರೆಯುವ ಕೆಲಸ ನಮಗೆ ಬಂತು. ಅದನ್ನು ಮೆಚ್ಚಿದರೆ ತಮ್ಮ ಅರಮನೆಯ ಸಭಾಂಗಣವನ್ನೂ ನಮಗೇ ಒಪ್ಪಿಸುವುದಾಗಿ ಮಾರ್ಕೇಸೆ ಪ್ರಭುಗಳು ಹೇಳಿಕಳಿಸಿದ್ದರು. ಇಡೀ ಆಯುಷ್ಯ ನಾವು ಕಾದದ್ದು ಅಂಥ ಒಂದು ಚಾವಣಿಗೆ.

ಎಲ್ಲ ಚಾವಣಿಗಳಂತೆ ಇದಕ್ಕೂ ಅವನು ನೋಟದ ಜಾಗವನ್ನು ಊರವರು ನಿಲ್ಲುವ ಹಜಾರದ ನಡುವೆ ಇಟ್ಟ. ಕೆಲಸ ಮುಗಿಯಿತು, ಸಾರವೆ ಬಿಚ್ಚಿದರು, ಗುಮ್ಮಟ ಆಕಾಶಕ್ಕೆ ಎದ್ದು ನಿಂತಿತು. ಹಿಗ್ಗಿನಿಂದ ಅವನು, ಸನ್ಯಾಸಿನಿಯರನ್ನು ನೆಂಟರು ಮಾತಾಡಿಸುವ ಮಠದ ಕೋಣೆಗೆ ಹೋಗಿ, ಅಲ್ಲಿನ ಪರದೆ ಬಿಟ್ಟ ಜಾಲರಿಯ ಮುಂದೆ ಕೂತು, ಗುಮ್ಮಟ ಹೇಗಿದೆ ಎಂದು ಮಗಳನ್ನು ಕೇಳಿದ. ನಾನೂ ಜೊತೆಗಿದ್ದೆ.

"ಚೆನ್ನಾಗಿದೆ ಅಪ್ಪ."

"ಚೆನ್ನಾಗಿದೆ ಅಂತ ನೆಂಟರು ಹೇಳ್ತಾರೆ. ನೀನು ನಿಜ ಹೇಳು."

"ನಾವು ಮಂಡಿಯೂರೋ ಕಡೆಯಿಂದ ನೋಡಿದ್ರೆ ನಮ್ಮ ಮೇಲೇ ಬೀಳೋ ಹಾಗಿದೆ ಅಪ್ಪ. ಹಿರಿಯ ಸಿಸ್ಟರ್ ಒಬ್ರು ತಲೆ ಮೇಲೆ ಕೈ ಇಟ್ಕೊಂಡೇ ಜಪ ಮಾಡ್ತಾರೆ."

ನನಗೆ ನಗು ತಡೆಯಲಿಲ್ಲ. ಅವನು ನಗಲಿಲ್ಲ. ಮರುದಿನ ನೋಡಿದರೆ ಮತ್ತೆ ಸಾರವೆ ಕಟ್ಟಿಸಿ, ಸುತ್ತಿಗೆ ಹಿಡಿದು ಗಾರೆ ಕೆಡವುತ್ತಿದ್ದಾನೆ! ನನ್ನ ದೇವದೂತರು ಚೂರುಚೂರಾಗಿ ನೆಲಕ್ಕೆ ಉದುರುತ್ತಿದ್ದರು. ನನ್ನ ಮೈಯೆಲ್ಲ ಉರಿಯಿತು.

"ತಲೆ ನೆಟ್ಟಗಿದೆಯೇನೋ ನಿಂಗೆ? ಮಾರ್ಕೇಸೆ ಬರೋದು ಬಾಗಿಲಿಂದ ಕಣೋ, ಜಾಲರಿ ಹಿಂದಿನಿಂದಲ್ಲ!"

"ಅವನು ಒಂದ್ಸಲ ತಲೆ ಎತ್ತಿ ನೋಡಿ ಊಟಕ್ಕೆ ಹೋಗ್ತಾನೆ ಗಾಸ್ಪರೆ. ಅವಳು ಸಾಯೋವರೆಗೂ ಅಲ್ಲೇ ಮಂಡಿಯೂರ್ಬೇಕು."

ಆದರೆ ಈಗ ನೋಟದ ಜಾಗ ಜಾಲರಿಯಾಚೆ; ಅವನು ಅಲ್ಲಿ ಕಾಲಿಡುವಂತಿಲ್ಲ. ದಾರದ ತುದಿಯನ್ನು ಕಂಬಿಗಳ ನಡುವೆ ತೂರಿಸಿ, ಮಂಡಿಯೂರಿ ಕಣ್ಣಿಗೆ ಹಿಡಿದುಕೊಳ್ಳುವಂತೆ ಮಗಳಿಗೆ ಹೇಳಿದ. ಇನ್ನೊಂದು ತುದಿ ಹಿಡಿದು ಸಾರವೆ ಹತ್ತಿದವನು, ದಾರದ ಓಟವನ್ನು ನೋಡಿ, ಅರ್ಧದಲ್ಲೇ ನಿಂತುಬಿಟ್ಟ.

"ಸರಿಯಾಗಿ ಹಿಡಿದಿದ್ದೀಯಾ ಮಗಳೇ? ಇಷ್ಟು ಮೇಲಿದೆಯಲ್ಲ!"

"ಸರಿಯಾಗೇ ಇದೆ ಅಪ್ಪ. ನಾನು ಬೆಳೆದಿದ್ದೀನಿ."

ಮಗಳ ಎತ್ತರ ತಂದೆಗೆ ತಿಳಿದದ್ದು ಹಾಗೆ. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಸುಮ್ಮನೆ ಹೋಗಿ ಬಣ್ಣ ಅರೆಯಲು ಕೂತೆ.

ಹಬ್ಬದ ದಿನ ಮಾರ್ಕೇಸೆ ಸಪತ್ನೀಕರಾಗಿ ಬಂದರು. ಬಾಗಿಲಿಂದ ನೋಡಿದರೆ ಗುಮ್ಮಟ ಪಕ್ಕಕ್ಕೆ ವಾಲಿತ್ತು, ನನ್ನ ಹೊಸ ದೇವದೂತರು ಕುಡಿದವರಂತೆ ಅಂಚಿಗೆ ಜೋತುಬಿದ್ದಿದ್ದರು. ಪ್ರಭುಪತ್ನಿ "ನಡೀರಿ, ಬೀಳುತ್ತೆ ಇದು" ಎಂದು ಗಂಡನ ತೋಳು ಹಿಡಿದೆಳೆದರು. ಸಭಾಂಗಣ ಬೇರೆಯವರ ಪಾಲಾಯಿತು. ಸೊಟ್ಟ ಗುಮ್ಮಟದ ಪೆಟ್ರೋನಿಯೊ ಎಂದು ಊರು ಆಡಿಕೊಂಡಿತು. ಅನಂತರ ಅವನ ಪಾಲಿಗೆ ಬಂದದ್ದು ಬರೀ ಪಡಸಾಲೆಗಳ ಅಂಚುಪಟ್ಟಿ.

ಆ ಸಂಜೆ ಜಾಲರಿಯ ಬಳಿ ಅವನು ಕೇಳಿದ್ದು ಒಂದೇ ಮಾತು: "ನಿಂತಿದೆಯಾ?"

"ನೆಟ್ಟಗೆ ನಿಂತಿದೆ ಅಪ್ಪ. ಮೇಲೆ ಬರೆದಿರೋ ಕಿಂಡಿಯಿಂದ್ಲೂ ಗಾಳಿ ಬರ್ತಿದೆಯೇನೋ ಅನ್ನಿಸುತ್ತೆ."

ಇಂಥ ಹಟಮಾರಿಗಳನ್ನು ನಮ್ಮ ಕಸುಬಿನಲ್ಲಿ ಆಗೊಮ್ಮೆ ಈಗೊಮ್ಮೆ ಕಂಡಿದ್ದೇನೆ. ಜಗತ್ತನ್ನು ನೋಡಲು ಸರಿಯಾದ ಜಾಗ ಒಂದೇ ಎಂದು ಆಯುಷ್ಯವಿಡೀ ವಾದಿಸುತ್ತಾರೆ. ವಾದದಲ್ಲಿ ಅವರನ್ನು ಗೆಲ್ಲಲಾಗದು, ಊಟಕ್ಕೆ ಜೊತೆ ಕೂರಲೂ ಆಗದು. ಆದರೆ ಎಂದೋ ಒಂದು ದಿನ ಆ ಜಾಗವನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ. ಆಮೇಲೆ ತಮ್ಮ ಅತ್ಯುತ್ತಮ ಕೃತಿಯನ್ನು ಸ್ವತಃ ಒಮ್ಮೆಯೂ ನೆಟ್ಟಗೆ ಕಾಣದೆ, ಅದು ನೆಟ್ಟಗಿದೆ ಎಂಬ ಒಂದು ದನಿಯನ್ನಷ್ಟೇ ನಂಬಿ, ತೃಪ್ತರಾಗಿ ಕಣ್ಣು ಮುಚ್ಚುತ್ತಾರೆ.