ಅತಿಥಿಗೆ ಕೊಟ್ಟ ಬಾಟಲಿ

ಆ ಕಡಲತೀರದಲ್ಲಿ ಅಂಗಡಿಯಿಲ್ಲ, ನಲ್ಲಿಯಿಲ್ಲ, ನೆರಳೂ ಇಲ್ಲ. ಮೇಲಿನ ರಸ್ತೆಗೆ ಸಂಜೆಯವರೆಗೆ ಬಸ್ಸೂ ಇಲ್ಲ. ನನ್ನ ಗಂಡ ಸ್ತ್ರಾತಿಸ್‌ಗೆ ಅದೇ ಹೆಮ್ಮೆ. "ನಮ್ಮ ಕ್ರೀಟ್ ದ್ವೀಪ ಅಂದ್ರೆ ಇದು ಕಣೇ," ಎನ್ನುತ್ತ ಆಗಸ್ಟ್ ತಿಂಗಳ ಬಿಸಿಲಲ್ಲಿ ನನ್ನನ್ನೂ ಪುಟ್ಟ ಮಗಳು ಕಲಿಯೋಪಿಯನ್ನೂ ಕಡಿದಾದ ಕಾಲುದಾರಿಯಲ್ಲಿ ಇಳಿಸಿದ.

ಅರ್ಧ ದಾರಿಯಲ್ಲಿ, ಮೇಲೇರುತ್ತಿದ್ದ ವಿದೇಶಿ ದಂಪತಿ ಎದುರಾದರು. ಏದುಸಿರು ಬಿಡುತ್ತಿದ್ದರು. ಸ್ತ್ರಾತಿಸ್ ತನ್ನಮ್ಮನ ಅಡುಗೆಮನೆಯಿಂದ ತಂದಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ಚೀಲದಿಂದ ತೆಗೆದು, ಬೇಡವೆಂದರೂ ಬಿಡದೆ, ಅವರ ಕೈಗಿಟ್ಟ.

"ಮೂಸಿ ನೋಡಿ ಕೊಡ್ಬಾರ್ದಾ?" ಎಂದೆ. ನಮ್ಮತ್ತೆ ರಾಕಿ ಸಾರಾಯಿಯನ್ನೂ ಹಳೇ ನೀರಿನ ಬಾಟಲಿಗಳಲ್ಲೇ ತುಂಬಿಡುತ್ತಾರೆ. ನಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಹಾಗೇ.

"ಅತಿಥಿಗೆ ಕೊಡೋದನ್ನ ಯಾರಾದ್ರೂ ಮೂಸಿ ಕೊಡ್ತಾರೇನೇ? ಇನ್ನೊಂದಿದ್ಯಲ್ಲ, ಸುಮ್ನೆ ನಡಿ."

ಕೆಳಗೆ ಮರಳು ಕಾಲು ಸುಡುತ್ತಿತ್ತು. "ಅಮ್ಮಾ, ನೀರು," ಎಂದಳು ಮಗಳು. ಉಳಿದ ಬಾಟಲಿಯ ಮುಚ್ಚಳ ತೆಗೆದೆ. ಸಾರಾಯಿಯ ಘಾಟು ಮೂಗಿಗೆ ಬಡಿಯಿತು. ಅದನ್ನು ಅವನ ಮುಖಕ್ಕೆ ಹಿಡಿದೆ.

"ಈಗ ಮೂಸು, ಮಹಾರಾಯ! ಮಗಳಿಗೆ ಇದನ್ನೇ ಕುಡಿಸ್ತೀಯಾ?"

ಮಗಳ ಕೆನ್ನೆ ಕೆಂಡವಾಗಿತ್ತು. ಅಳುತ್ತಿದ್ದರೂ ಕಣ್ಣೀರು ಬರುತ್ತಿರಲಿಲ್ಲ. ಅವಳನ್ನು ಹೆಗಲಿಗೇರಿಸಿಕೊಂಡು ಅವನು ಬಂದ ದಾರಿಯನ್ನೇ ಹತ್ತತೊಡಗಿದ. ಮೇಲೆ, ಬಂಡೆಯಂಚಿನಲ್ಲಿ, ಆ ವಿದೇಶಿಯರು ತಮ್ಮ ಕಾರಿನ ಬಾಗಿಲು ತೆರೆಯುತ್ತಿದ್ದರು.

"ನಿಲ್ಲೀ! ನೀರು! ನೀರು!" ಎಂದು ಕೈಬೀಸುತ್ತ, ಗಂಟಲು ಹರಿಯುವಂತೆ ನಮ್ಮ ಗ್ರೀಕ್ ಭಾಷೆಯಲ್ಲೇ ಕೂಗಿದ.

ಅವರು ತಿರುಗಿ ನೋಡಿದರು. ನಗುತ್ತ ನಮ್ಮ ಬಾಟಲಿಯನ್ನೇ ಮೇಲೆತ್ತಿ ಬೀಸಿ, ಕಾರು ಹತ್ತಿ ಹೊರಟುಹೋದರು.