ಪೈಪು ಸುತ್ತಿ ಹೋದ ಜಾಗ

ಟೀಚರ್ ಮುಖಕ್ಕೆ ಸೋಪು ಹಚ್ಚಿಕೊಂಡು ಕಣ್ಣು ಮುಚ್ಚಿದ್ದಾಗ ಕಾಲಿಗೆ ತಣ್ಣಗೆ ಏನೋ ತಗುಲಿತು. ಕಣ್ಣು ಬಿಡದೆಯೇ ಗೊತ್ತಾಯಿತು. ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಮತ್ತೆ ಮೇಲೆ ಬರುತ್ತಿತ್ತು, ಜೊತೆಗೆ ಪಕ್ಕದ ಮನೆ ದರ್ಜಿಯ ಹಸಿರು ನೂಲಿನ ತುಂಡುಗಳೂ. ಈ ಹೊಸ ಮನೆಗೆ ಬಂದು ಇನ್ನೂ ಐದು ತಿಂಗಳಾಗಿರಲಿಲ್ಲ. ಇದು ಒಂಬತ್ತನೇ ಸಲ.

"ನೋಡೇ, ಮತ್ತೆ ಗಂಟಲು ಸರಿ ಮಾಡ್ಕೊಳ್ತಿದೆ ಅದು," ಎಂದರು ಹೊರಗಿನಿಂದ ಅತ್ತೆ. ಪೈಪು ಕಟ್ಟಿಕೊಳ್ಳುವ ಮುಂಚೆ ಬರುವ ಗೊಳಗೊಳ ಸದ್ದು ಅವರಿಗೆ ಯಾರೋ ಮಾತಾಡಲು ಹೊರಟು ಸುಮ್ಮನಾದಂತೆ ಕೇಳುತ್ತಿತ್ತು. ಟೀಚರ್ ಮೊದಮೊದಲು ನಕ್ಕಿದ್ದಳು. ಈಗೀಗ ಮನೆಯಲ್ಲಿ ಒಬ್ಬಳೇ ಇರುವಾಗ ಬಚ್ಚಲ ಬಾಗಿಲಿಗೆ ಚಿಲಕ ಹಾಕಿಡುತ್ತಿದ್ದಳು.

ಎರಡು ಮನೆಗೂ ಒಂದೇ ನಡುಗೋಡೆ, ಒಂದೇ ಚರಂಡಿ ಪೈಪು. ದರ್ಜಿಯ ನೂಲಿನಿಂದ ಕಟ್ಟುತ್ತದೆಂದು ಇವರು, ಟೀಚರ್ ಮನೆಯ ಎಣ್ಣೆಜಿಡ್ಡಿನಿಂದ ಕಟ್ಟುತ್ತದೆಂದು ಅವರು. ಇಬ್ಬರ ಜಗಳಕ್ಕೂ ಸಿಕ್ಕದೆ ಕೆಲಸ ಮಾಡಿ ಹೋಗುವವನೆಂದರೆ ಪ್ಲಂಬರ್ ಒಬ್ಬನೇ. ಮನೆ ಕಟ್ಟುವಾಗ ಈ ಪೈಪು ಹಾಕಿದವನೂ ಅವನೇ. ಕರೆದ ತಕ್ಷಣ ಬಿದಿರಿನ ದಬ್ಬೆ ಹೆಗಲಿಗೇರಿಸಿಕೊಂಡು ಬರುತ್ತಿದ್ದ, ಕಟ್ಟಿದ್ದನ್ನು ಬಿಡಿಸುತ್ತಿದ್ದ, ಹಿತ್ತಲು ತೊಳೆದು ಹೋಗುತ್ತಿದ್ದ. ಅಗೆದು ನೋಡಿ ಎಂದರೆ ಮಾತ್ರ ಆಸಾಮಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಹೋದ ವಾರ ಅತ್ತೆ ಆ ನೀರಿನಲ್ಲಿ ಜಾರಿ ಬಿದ್ದು ಮಣಿಕಟ್ಟಿಗೆ ಪಟ್ಟಿ ಕಟ್ಟಿಸಿಕೊಂಡಿದ್ದರು. ಮಾರಿ ಬಿಡೋಣ, ಮತ್ತೆ ಬಾಡಿಗೆ ಮನೆಗೆ ಹೋಗೋಣ ಎಂದು ಲಾರಿ ಓಡಿಸುವ ಗಂಡ ಎಲ್ಲಿಂದಲೋ ಫೋನು ಮಾಡಿ ಹೇಳುತ್ತಿದ್ದ. ಹದಿನಾರು ವರ್ಷ ಬಾಡಿಗೆ ಮನೆಗಳ ಬಚ್ಚಲು ತಿಕ್ಕಿದವಳು ಅವಳು, ಅವನಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಸೋಪು ಒರೆಸಿಕೊಂಡು, ಸೀರೆ ಸುತ್ತಿಕೊಂಡು, ನೇರ ಹಿತ್ತಲಿಗೆ ಬಂದು ಗೋಡೆಯಾಚೆ ಕೂಗಿದಳು.

"ದರ್ಜಿಯಣ್ಣಾ, ಗುದ್ದಲಿ ಇದ್ರೆ ತನ್ನಿ. ಇವತ್ತು ತಪ್ಪು ಯಾರದ್ದು ಅಂತ ನೋಡೇಬಿಡೋಣ."

"ನೂಲು ಅಂತೂ ಸಿಗಲ್ಲ ಟೀಚರೇ, ಬೇಕಾದ್ರೆ ಪಂದ್ಯ!" ಎನ್ನುತ್ತಲೇ ಅವನು ಬಂದ.

ಎರಡಡಿ ಅಗೆಯುವಷ್ಟರಲ್ಲಿ ಪೈಪು ಸಿಕ್ಕಿತು. ಮನೆಯ ಕಡೆಯಿಂದ ನೇರವಾಗಿ ಬಂದ ಪೈಪು ಹಿತ್ತಲ ನಡುವೆ ತಟ್ಟನೆ ಪಕ್ಕಕ್ಕೆ ತಿರುಗಿ, ಒಂದಾಳು ಮಲಗುವಷ್ಟು ಜಾಗವನ್ನು ಬಳಸಿಕೊಂಡು, ಆಮೇಲೆ ಮತ್ತೆ ನೇರವಾಗಿ ಬೀದಿಯ ಕಡೆಗೆ ಹೋಗಿತ್ತು. ತಿರುವಿನಲ್ಲಿ ಕೊಳೆಯೆಲ್ಲ ಗಟ್ಟಿಯಾಗಿ ಕೂತಿತ್ತು. ಬಂಡೆ ಇರಬೇಕೆಂದು ದರ್ಜಿ ನಡುವಿನ ಜಾಗಕ್ಕೆ ಹಾರೆ ಇಳಿಸಿದ. ಹಾರೆ ಸರ್ರನೆ ಅರ್ಧದವರೆಗೆ ಇಳಿಯಿತು. ಬಂಡೆಯೂ ಇಲ್ಲ, ಬೇರೂ ಇಲ್ಲ, ಬರೀ ಸಡಿಲ ಮಣ್ಣು.

ಟೀಚರ್ ಫೋನು ಮಾಡಿ ಕರೆಸಿದ ಪ್ಲಂಬರ್ ಹಿತ್ತಲ ಗೇಟಿನ ಹತ್ತಿರವೇ ನಿಂತುಬಿಟ್ಟ.

"ಎರಡು ಬಿಂದು ಮಧ್ಯೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ವೇನ್ರೀ ನಿಮಗೆ? ನನ್ನ ಐದನೇ ಕ್ಲಾಸಿನ ಮಕ್ಕಳು ಎಳೀತಾರೆ!"

"ಬರುತ್ತೆ ಟೀಚರ್."

"ಮತ್ತೆ ಇದೇನು ಇದು?"

ಅವನು ದಬ್ಬೆಯನ್ನು ಗೋಡೆಗೆ ಒರಗಿಸಿದ. ಅದು ಜಾರಿ ಬಿತ್ತು. ಎತ್ತಲಿಲ್ಲ. "ನನ್ನ ತಮ್ಮ," ಎಂದ. "ಬೀದಿ ಚರಂಡಿ ಆಳದಲ್ಲಿದೆ ಅಂತ ಆರಡಿ ಅಗೆದಿದ್ವಿ. ಮಣ್ಣು ತಡೆಯೋಕೆ ಪಕ್ಕಕ್ಕೆ ಹಲಗೆ ಕೊಡ್ಲಿಲ್ಲ, ಬಿಲ್ಡರ್‌ಗೆ ಅವಸರ. ಪೈಪಿನ ಅಂಟು ಮುಗೀತು ಅಂತ ನಾನು ಅಂಗಡಿಗೆ ಹೋದೆ. ಗುಂಡೀಲಿದ್ದ ಅವನ ಮೇಲೆ ಮಣ್ಣು ಕುಸೀತು. ಅವನು ಅಣ್ಣಾ ಅಂತ ಕೂಗಿದ್ದು ಪಕ್ಕದ ಕೆಲಸದವ್ರಿಗೆ ಕೇಳ್ಸಿದೆ. ನಂಗೆ ಕೇಳ್ಸಲಿಲ್ಲ."

ದರ್ಜಿ ಹಾರೆಯನ್ನು ಮೆಲ್ಲಗೆ ಹೊರಕ್ಕೆ ಎಳೆದುಕೊಂಡ.

"ಎತ್ತೋ ಹೊತ್ತಿಗೆ ಆಗಿಹೋಗಿತ್ತು. ಮೂರನೇ ದಿನ ಬಿಲ್ಡರ್ ಬಂದು, ಮನೆ ನೋಡೋಕೆ ಜನ ಬರ್ತಾರೆ, ಲೈನ್ ಮುಗ್ಸು ಅಂದ್ರು. ಅಲ್ಲಿ ಮತ್ತೆ ಗುದ್ದಲಿ ಹಾಕೋಕೆ ನನ್ನ ಕೈಲಿ ಆಗ್ಲಿಲ್ಲ ಟೀಚರ್. ಮೇಲ್ಮೇಲೆ ಬಳಸ್ಕೊಂಡು ಹೋದೆ. ಇಳಿಜಾರಿನ ವಾಟ ಸಿಗಲ್ಲ, ನೀರು ಇಳಿಯಲ್ಲ ಅಂತ ಗೊತ್ತಿತ್ತು. ಅದಕ್ಕೇ ಕರೆದಾಗೆಲ್ಲ ಬರ್ತಿದ್ದೆ."

ಮನೆ ನೋಡಲು ಬಂದ ಆ ಜನ ತಾವೇ. ಈ ಹಿತ್ತಲಿನಲ್ಲಿ ನಿಂತು, ಮಣ್ಣು ಎಷ್ಟು ಚೆನ್ನಾಗಿದೆ, ಗಿಡ ಹಾಕಬಹುದು ಎಂದವಳೂ ತಾನೇ. ಅವಳಿಗೆ ಬಿಲ್ಡರನ ಮೇಲೆ, ಇವನ ಮೇಲೆ, ತನ್ನ ಮೇಲೆ ಒಟ್ಟಿಗೇ ಸಿಟ್ಟು ಬಂತು. ಅದರಡಿಯಲ್ಲಿ ಭಯವೂ ಇತ್ತು.

"ಬೇರೆ ಯಾರನ್ನಾದ್ರೂ ಕರೆಸ್ತೀನಿ ಬಿಡಿ," ಎಂದಳು ಕೊನೆಗೆ.

"ಬೇಡ. ಬೇರೆಯವ್ರು ಅಲ್ಲಿ ಇಳಿಯೋದು ಬೇಡ. ನಾನೇ ಇಳೀತೀನಿ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅತ್ತೆ, "ಮೊದ್ಲು ಹಲಗೆ ಕೊಡ್ರಪ್ಪಾ ಎರಡೂ ಕಡೆಗೆ! ನನ್ನ ಮಂಚದ್ದು ತಗೊಳ್ಳಿ, ನಾನು ಕೆಳಗೆ ಮಲಗಿದ್ರೆ ಸತ್ತೋಗಲ್ಲ," ಎಂದು ಗದರಿದರು. ಅಂದಮೇಲೆ ತಾವೇ ನಾಲಿಗೆ ಕಚ್ಚಿಕೊಂಡರು. ದರ್ಜಿ ಬಟ್ಟೆ ಕತ್ತರಿಸುವ ಮೇಜಿನ ಹಲಗೆಯನ್ನೂ ಬಿಚ್ಚಿ ತಂದ.

ದರ್ಜಿಯೂ ಪ್ಲಂಬರೂ ಅಂಚಿನಿಂದಲೇ ಉದ್ದ ಹಿಡಿಯ ಸಲಿಕೆಯಲ್ಲಿ ಸಡಿಲ ಮಣ್ಣು ತೋಡುತ್ತ, ಹಲಗೆ ಕೊಡುತ್ತ ಹೋದರು; ಮಧ್ಯಾಹ್ನದ ಹೊತ್ತಿಗೆ ಗುಂಡಿ ಕುತ್ತಿಗೆಯಾಳವಾಯಿತು. ಪ್ಲಂಬರ್ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ, ತೆಗೆದ, ಮತ್ತೆ ಇಳಿಬಿಟ್ಟ. "ಟೀಚರ್, ನೀವು ಇಲ್ಲೇ ನಿಂತಿರ್ತೀರಾ?"

"ನಿಂತಿರ್ತೀನಿ."

"ಎಲ್ಲೂ ಹೋಗ್ಬೇಡಿ ಮತ್ತೆ."

"ಇಲ್ಲಪ್ಪ, ಹೋಗಲ್ಲ."

ಅವನು ಇಳಿದ. ತಳ ಸಮ ಮಾಡುವ ಸದ್ದು, ಹೊಸ ಪೈಪು ಇಟ್ಟ ಸದ್ದು ಕೇಳಿಸಿತು. ಒಳಗೆ ಅವಳ ಫೋನು ರಿಂಗಾಗಿ ನಿಂತು, ಮತ್ತೆ ರಿಂಗಾಯಿತು. ಗಂಡನದೇ ಇರಬೇಕು. ಅವಳು ಕದಲಲಿಲ್ಲ. ಬಿಸಿಲಿಗೆ ನೆತ್ತಿ ಸುಡುತ್ತಿತ್ತು.

ಆಮೇಲೆ ಗುಂಡಿಯೊಳಗಿನ ಸದ್ದು ನಿಂತಿತು. ಅವಳು ಹತ್ತರವರೆಗೆ ಎಣಿಸಿದಳು. ಇಪ್ಪತ್ತಾಯಿತು. ರಾಶಿ ಹಾಕಿದ ಮಣ್ಣಿನಾಚೆ ಅವನ ತಲೆ ಕಾಣಿಸಲಿಲ್ಲ. ಇಷ್ಟು ದಿನ ಬರೀ 'ಏನ್ರೀ' ಎಂದು ಕರೆಯುತ್ತಿದ್ದವಳು, "ಅಣ್ಣಾ!" ಎಂದು ಕೂಗಿಬಿಟ್ಟಳು. "ಅಣ್ಣಾ!"

ಆಮೇಲೆ ಕೆಳಗಿನಿಂದ, ಒದ್ದೆಯಾದ ದನಿಯಲ್ಲಿ, "ಬಂದೆ ಕಣೋ... ಬಂದೆ. ಇಲ್ಲೇ ಇದೀನಿ."

ಏನೋ ಹೇಳಹೊರಟ ದರ್ಜಿಯನ್ನು ಅವಳು ಕೈಯೆತ್ತಿ ಸುಮ್ಮನಾಗಿಸಿದಳು. ಅತ್ತೆಯೂ ಸೇರಿ ಮೂವರೂ ಹಲಗೆಗಳ ಪಕ್ಕದಲ್ಲಿ ಹಾಗೇ ನಿಂತರು.