ಹಾಲೇಶಪ್ಪನ ಅರವಟ್ಟಿಗೆ, ಕಲ್ಯಾಣಮ್ಮನ ಬಸ್ಸು

ಕೊಟ್ಟೂರಿಗೆ ಬಂದವರು ಬಾಯಾರಿ ಯಾರನ್ನಾದರೂ ಕೇಳಲಿ, ಹಾಲೇಶಪ್ಪನ ಪಾತ್ರೆ ಅಂಗಡಿಯ ಕಡೆಗೆ ಕೈ ತೋರಿಸುತ್ತಾರೆ. ಗುಡಿಗೆ ಹೋಗುವ ರಸ್ತೆಯಲ್ಲಿ ಆ ಅಂಗಡಿ, ಅದರ ಮುಂದೆ ಅರವಟ್ಟಿಗೆ. ಹಾದಿಹೋಕರಿಗೆ ಪುಕ್ಕಟೆ ನೀರು ಸಿಗಲಿ ಎಂದು ಅದನ್ನು ಮೊದಲು ಹಾಕಿದ್ದು ಹಾಲೇಶಪ್ಪನ ತಂದೆ. ಆಗ ಎರಡು ಮಣ್ಣಿನ ಗಡಿಗೆ, ಮೇಲೆ ನಾಲ್ಕು ತೆಂಗಿನ ಗರಿ, ಅಷ್ಟೇ. ಮಗ ಸುಮ್ಮನಿರುವ ಆಸಾಮಿಯಲ್ಲ. ಗರಿ ತೆಗೆದು ತಗಡು ಹಾಕಿಸಿದ. ಗಡಿಗೆಗೆ ಸಿಮೆಂಟಿನ ಕಟ್ಟೆ ಕಟ್ಟಿಸಿದ. ನೀರು ಕುಡಿದವರು ಕೂತು ಸುಧಾರಿಸಿಕೊಳ್ಳಲಿ ಎಂದು ಪಕ್ಕದಲ್ಲೊಂದು ಕಲ್ಲುಬೆಂಚು ಇಡಿಸಿದ. ಕಂಬಗಳು ಖಾಲಿ ನಿಂತಿವೆಯಲ್ಲ ಎಂದು ಅವಕ್ಕೆ ಬಕೆಟ್ಟು, ಸೌಟು, ಜರಡಿ ತೂಗುಹಾಕಿದ. ಬೆಳೆದೂ ಬೆಳೆದೂ ಆ ಅರವಟ್ಟಿಗೆ ಫುಟ್‌ಪಾತನ್ನು ಪೂರ್ತಿ ನುಂಗಿ ರಸ್ತೆಯ ಅಂಚಿಗೆ ಬಂದು ನಿಂತಿತ್ತು. ಹಾಲೇಶಪ್ಪನ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ. ಪುಣ್ಯದ ಕೆಲಸ ನೋಡಿ, ಬೇರೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಮನೆಯಲ್ಲಿ ಅವನಿಗೆ ಬೇರೆಯೇ ಚಿಂತೆ. ಹೆಂಡತಿ ಕಲ್ಯಾಣಮ್ಮ ಎಂಟು ತಿಂಗಳಿಂದ ಹೊಸ್ತಿಲು ದಾಟಿರಲಿಲ್ಲ. ಒಂದು ಸೋಮವಾರ ನಸುಕಿನಲ್ಲಿ, ಅಂಗಡಿಗಳು ಬಾಗಿಲು ತೆಗೆಯುವ ಮೊದಲೇ ನಡೆದು ಗುಡಿಗೆ ಹೋದವಳು ಆಟೋದಲ್ಲಿ ಮನೆಗೆ ಬಂದಿದ್ದಳು. ಪೇಟೆಯಲ್ಲಿ ಟ್ರಾಕ್ಟರ್ ತಾಗಿ ಬಿದ್ದೆ ಎಂದಷ್ಟೇ ಹೇಳಿದ್ದಳು. ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟಿತ್ತು. ಮೂಳೆ ಕೂಡಿತು, ಪಟ್ಟಿ ಬಿಚ್ಚಿದರು, ಇನ್ನು ಧೈರ್ಯವಾಗಿ ನಡೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಕಲ್ಯಾಣಮ್ಮ ಪಡಸಾಲೆಯಿಂದ ಅಡುಗೆಮನೆಗೆ ನಡೆದಳು, ಅಡುಗೆಮನೆಯಿಂದ ಪಡಸಾಲೆಗೆ ನಡೆದಳು. ಅದರಾಚೆ ಕಾಲು ಏಳಲಿಲ್ಲ.

ಹಡಗಲಿಯಾಚೆಯ ಹೊಳಲು ಎಂಬ ಊರಿನಲ್ಲಿ ಅವಳಿಗೊಬ್ಬಳು ಅಕ್ಕ ಇದ್ದಾಳೆ. ಅವಳ ಕಣ್ಣು ದಿನದಿನಕ್ಕೆ ಮಂಜಾಗುತ್ತಿದೆ. ಮತ್ತೆ ಬರುವ ದೃಷ್ಟಿಯಲ್ಲ ಎಂದು ದೊಡ್ಡಾಸ್ಪತ್ರೆಯಲ್ಲೂ ಹೇಳಿಬಿಟ್ಟಿದ್ದಾರೆ. ಪೂರ್ತಿ ಕತ್ತಲಾಗುವುದರೊಳಗೆ ಒಮ್ಮೆ ನಿನ್ನ ಮುಖ ತೋರಿಸಿ ಹೋಗು ಎಂದು ಅಕ್ಕ ಫೋನಿನಲ್ಲಿ ಅಂಗಲಾಚುತ್ತಿದ್ದಳು. ಹಾಲೇಶಪ್ಪ ಒಂದು ದಿನ ಬಾಗಿಲಿಗೇ ಕಾರು ತರಿಸಿದ. ಹೊರಗೆ ಹಾರ್ನ್ ಕೇಳಿದ್ದೇ ತಡ, ಕಲ್ಯಾಣಮ್ಮ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಾರು ಬಂದ ದಾರಿಗೆ ಸುಂಕವಿಲ್ಲದಂತೆ ಹೋಯಿತು. ಹಾಲೇಶಪ್ಪನಿಗೆ ಅವತ್ತು ಊಟ ರುಚಿಸಲಿಲ್ಲ.

ಆ ದಿನಗಳಲ್ಲೇ ರೇಖಾ ಊರಿಗೆ ಬಂದದ್ದು. ಪಕ್ಕದ ಓಣಿಯ ಓಬಣ್ಣ ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತನಾದವನು, ಅವನ ಮಗಳು ಈ ರೇಖಾ. ನರ್ಸಿಂಗ್ ಓದಿ ಈಗ ಯುರೋಪಿನ ವಿಯೆನ್ನಾ ನಗರದ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾಳೆ. ಹಾಲೇಶಪ್ಪನ ಮಗಳು ಸುಕನ್ಯಾಳ ಜೊತೆ ಒಂದೇ ಬೆಂಚಿನಲ್ಲಿ ಓದಿದವಳು. ರಜೆಗೆ ಬಂದವಳು ಸುದ್ದಿ ಕೇಳಿ ದಿನಾ ಮಧ್ಯಾಹ್ನ ಬಂದು ಕಲ್ಯಾಣಮ್ಮನ ಕಾಲಿಗೆ ವ್ಯಾಯಾಮ ಮಾಡಿಸತೊಡಗಿದಳು. ಕಾಲು ಎತ್ತಿಸುವಾಗ ನೋವು ಮರೆಯಲಿ ಎಂದು ವಿಯೆನ್ನಾದ ಸುದ್ದಿ ಹೇಳುವಳು. ಹಾಲೇಶಪ್ಪ ಉಣ್ಣುತ್ತ ಕೇಳುವನು. ತುತ್ತು ಎಷ್ಟೋ ಸಲ ಕೈಯಲ್ಲೇ ಉಳಿಯುತ್ತಿತ್ತು.

ಅಲ್ಲಿ ಬೀದಿಯ ನಡುವೆ ಟ್ರಾಮ್ ಎಂಬ ಸಣ್ಣ ರೈಲು ಓಡುತ್ತದಂತೆ. ಕೆಂಪು ಬಣ್ಣ, ಟಿಣ್ ಟಿಣ್ ಎಂಬ ಗಂಟೆ. ಹೊಸ ಟ್ರಾಮಿನ ನೆಲ, ನಿಲ್ದಾಣದ ನೆಲ ಹೆಚ್ಚುಕಡಿಮೆ ಒಂದೇ ಮಟ್ಟ. ಹತ್ತುವುದು ಎಂಬ ಮಾತೇ ಇಲ್ಲ, ಪಡಸಾಲೆಯಿಂದ ಕೋಣೆಗೆ ಹೋದಂತೆ ಒಳಗೆ ಹೋಗುವುದು. ಬಸ್ಸು ನಿಲ್ದಾಣಕ್ಕೆ ಬಂದರೆ ಮುದುಕರ ಕಡೆಗೆ ಒಂದಿಷ್ಟು ಬಾಗಿ ನಿಲ್ಲುತ್ತದೆ. ರಸ್ತೆ ದಾಟುವ ಕಡೆ ಕಂಬಗಳು ಟಿಕ್ ಟಿಕ್ ಎಂದು ಕುರುಡರಿಗೆ ದಾರಿ ಹೇಳುತ್ತವೆ. ಕೆಲವು ಪೇಟೆ ಬೀದಿಗಳಲ್ಲಿ ವಾಹನಕ್ಕಿಂತ ನಡೆಯುವವರದೇ ಮೇಲುಗೈ. ಮರದ ನೆರಳು, ನೆರಳಿಗೆ ಬೆಂಚು, ಬೆಂಚಿನ ಮೇಲೆ ಅವಸರವಿಲ್ಲದ ಜನ.

"ನಾ ಕೆಲಸ ಮಾಡೋ ಮನ್ಯಾಗ ತೊಂಬತ್ತು ವರ್ಷದ ಅಜ್ಜಿ ಒಬ್ಬಾಕಿ ಅದಾಳ್ರಿ," ಎಂದಳು ರೇಖಾ. "ಪ್ರತಿ ಗುರುವಾರ ಗಾಲಿ ಇರೋ ಊರುಗೋಲು ತಳ್ಳಿಕೊಂಡು ಒಬ್ಬಾಕೀನ ಟ್ರಾಮ್‌ನ್ಯಾಗ ಹೋಗಿ ಕಾಫಿ ಕುಡುದು ಬರ್ತಾಳ. ಯಾರ ಕೈಯೂ ಹಿಡಿಯಂಗಿಲ್ಲ."

ಕಲ್ಯಾಣಮ್ಮ ಕಾಲು ಎತ್ತಿದವಳು ಇಳಿಸುವುದನ್ನೇ ಮರೆತಳು. ಒಬ್ಬಾಕೀನಾ ಎಂದು ಮೆಲ್ಲಗೆ ಕೇಳಿದಳು. ಆಮೇಲೆ ನಕ್ಕು, ನಮಗೂ ಬಸ್ಸು ಪುಕ್ಕಟೆ ಐತಿ, ಬಸ್ಸಿನ ತನಕ ಹೋಗಾಕ ದಾರಿ ಇಲ್ಲ ಎಂದಳು. ಆ ನಗು ಹಾಲೇಶಪ್ಪನಿಗೆ ಚುಚ್ಚಿತು. ಚುಚ್ಚಿದ್ದನ್ನು ತೋರಿಸಿಕೊಳ್ಳದೆ ಅವನು ವಾದಕ್ಕೆ ಇಳಿದ.

"ಅದು ರೊಕ್ಕ ಇದ್ದೋರ ದೇಶ ತಾಯಿ. ಇಲ್ಲಿ ಟ್ರಾಕ್ಟರ್ ಬರ್ತಾವು, ಎಮ್ಮಿ ಬರ್ತಾವು. ಕೊಟ್ಟೂರಾಗ ಟ್ರಾಮ್ ಎಲ್ಲಿ ಹಾಯಸ್ತಿ?"

"ಟ್ರಾಮ್ ಇರ್ಲಿ ಬಿಡ್ರಿ ಕಾಕಾರ. ನಡಿಯೋರಿಗೆ ಜಾಗ ಬಿಡಾಕ ರೊಕ್ಕ ಯಾಕ ಬೇಕು?"

ಅಲ್ಲಿಯೂ ಅಂಗಡಿಯವರು ಮೊದಲು ಬೇಡವೆಂದಿದ್ದರಂತೆ. ಮೋಟಾರು ಬರದಿದ್ದರೆ ಗಿರಾಕಿ ಎಲ್ಲಿಂದ ಬರಬೇಕು ಎಂದು ತಕರಾರು ಮಾಡಿದ್ದರಂತೆ. ಈಗ ಆ ಬೀದಿಗಳಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ನಡೆಯುವವನಿಗೆ ಅಂಗಡಿ ಕಾಣುತ್ತದೆ, ನಿಂತು ನೋಡುತ್ತಾನೆ, ಒಳಗೆ ಬರುತ್ತಾನೆ ಎಂದು ರೇಖಾ ವಿವರಿಸಿದಳು. ಹಾಲೇಶಪ್ಪ ಅರ್ಧ ಕೇಳಿದ, ಅರ್ಧ ಬಿಟ್ಟ, ಕೈ ತೊಳೆದು ಅಂಗಡಿಗೆ ಹೊರಟ.

ಅವತ್ತು ಗಿರಾಕಿ ಇರಲಿಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಗೋಡೆಗೆ ಒರಗಿದ. ಹೊರಗೆ ಬಿಸಿಗಾಳಿಗೆ ಕಂಬದ ಸೌಟುಗಳು ಒಂದಕ್ಕೊಂದು ತಾಗಿ ಟಿಣ್ ಟಿಣ್ ಎನ್ನುತ್ತಿದ್ದವು. ಆ ಸದ್ದು ದೂರದಿಂದ ಬಂದಂತಾಯಿತು, ಆಮೇಲೆ ಹತ್ತಿರ ಬಂತು. ಕಣ್ಣೆತ್ತಿದರೆ ಎದುರಿಗೆ ಕೆಂಪು ಟ್ರಾಮು.

ಓಡಿಸುತ್ತಿದ್ದವನು ಓಬಣ್ಣ, ಅದೇ ಹಳೇ ಖಾಕಿ ಅಂಗಿ. ರಸ್ತೆ ಅಂಗಳದಷ್ಟು ನುಣುಪಾಗಿತ್ತು. ಎರಡೂ ಕಡೆ ಬೇವಿನ ಮರ, ಹೂವು ಮೆಲ್ಲಗೆ ಉದುರುತ್ತಿತ್ತು. ಪಕ್ಕದ ಚಪ್ಪಲಿ ಅಂಗಡಿಯ ಗುರುಶಾಂತ ಬೆಂಚಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ತಾಯಂದಿರು ಮಕ್ಕಳ ಕೈ ಬಿಟ್ಟು ಮಾತಾಡುತ್ತ ಹೋಗುತ್ತಿದ್ದರು. ಎಮ್ಮೆಗಳೂ ಸಾಲಾಗಿ, ಯಾರನ್ನೂ ತಳ್ಳದೆ ನಡೆದಿದ್ದವು. ಒಂದು ಟ್ರಾಕ್ಟರು ತಿರುವಿನಲ್ಲಿ ನಿಂತು ಮುದುಕಿಯೊಬ್ಬಳು ದಾಟಲೆಂದು ಕಾದಿತ್ತು. ಊರು ತನ್ನದೇ, ಮಂಡಕ್ಕಿ ಮಿರ್ಚಿಯ ವಾಸನೆ ಅದೇ, ಆದರೆ ಊರು ಒಳ್ಳೆಯ ನಿದ್ದೆ ಮಾಡಿ ಎದ್ದಂತಿತ್ತು.

ಆ ಬೀದಿಯಲ್ಲಿ ಕಲ್ಯಾಣಮ್ಮ ಬರುತ್ತಿದ್ದಳು. ಹಸಿರು ಇಳಕಲ್ ಸೀರೆ, ತಲೆಯಲ್ಲಿ ಸೋಮವಾರದ ಹೂವು. ಕಾಲ ಕೆಳಗೆ ನೋಡದೆ, ಮರದ ಮೇಲಿನ ಗಿಳಿಗಳನ್ನು ನೋಡುತ್ತ ಬರುತ್ತಿದ್ದಳು. ಟ್ರಾಮ್ ಬಾಗಿಲು ತೆರೆದು ನಿಂತಿತ್ತು. ಒಳಗೆ ಕಿಟಕಿಯ ಪಕ್ಕ ಹೊಳಲಿನ ಅಕ್ಕ ಕೂತಿದ್ದಳು, ಪಕ್ಕದ ಜಾಗ ಖಾಲಿ ಇಟ್ಟಿದ್ದಳು. ಇನ್ನೇನು ನಾಲ್ಕು ಹೆಜ್ಜೆ ಎನ್ನುವಾಗ ಕಲ್ಯಾಣಮ್ಮ ನಿಂತಳು. ಅವಳಿಗೂ ಟ್ರಾಮಿಗೂ ನಡುವೆ ತಗಡಿನ ಮಾಡು, ಸಿಮೆಂಟಿನ ಕಟ್ಟೆ, ತೂಗುವ ಬಕೆಟ್ಟುಗಳು. ಅವಳು ಗಂಡನ ಕಡೆ ನೋಡಿದಳು. ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ, ಸುಮ್ಮನೆ ನೋಡಿದಳು. ಹಾಲೇಶಪ್ಪ ಬಕೆಟ್ಟುಗಳನ್ನು ಸರಿಸಲು ಓಡಿದ. ಗಂಟೆ ಬಾರಿಸಿತು, ಟ್ರಾಮ್ ಹೊರಟೇ ಹೋಯಿತು.

ಎಚ್ಚರಾದಾಗ ಮೈಯೆಲ್ಲ ಬೆವರು. ಸೌಟುಗಳು ಇನ್ನೂ ತೂಗುತ್ತಿದ್ದವು. ಅರವಟ್ಟಿಗೆಯಲ್ಲಿ ಗಂಟು ಹೊತ್ತ ಮುದುಕಿಯೊಬ್ಬಳು ನೀರು ಕುಡಿದು, ನಿನ್ನ ಹೊಟ್ಟಿ ತಣ್ಣಗಿರ್ಲಪ್ಪ ಎಂದು ಅವನನ್ನು ಹರಸಿದಳು. ಹರಸಿ, ಕಂಬ ಹಿಡಿದುಕೊಂಡು, ಹೆದರುತ್ತ ಒಂದು ಕಾಲನ್ನು ರಸ್ತೆಗೆ ಇಳಿಸಿದಳು. ಮೋಟಾರ್ ಸೈಕಲ್ಲೊಂದು ಅವಳ ಸೆರಗು ಸವರಿಕೊಂಡು ಹೋಯಿತು. ಹಾಲೇಶಪ್ಪ ದಿಗ್ಗನೆ ಎದ್ದು ನಿಂತ. ಆಮೇಲೆ ಸಂಜೆಯವರೆಗೂ ನಿಂತೇ ನೋಡಿದ. ಶಾಲೆಯ ಹುಡುಗಿಯರು, ಬಸುರಿ, ಕೋಲು ಹಿಡಿದವರು, ಬಂದವರೆಲ್ಲ ಅವನ ಅಂಗಡಿ ಮುಂದೆ ರಸ್ತೆಗೆ ಇಳಿಯುತ್ತಿದ್ದರು. ಹಡಗಲಿ ಬಸ್ಸು ಬಂದಾಗ ಅಂಚಿಗೆ ಬರಲಾಗದೆ ನಡುರಸ್ತೆಯಲ್ಲೇ ನಿಂತಿತು. ಮುದುಕರು ಮೊಣಕಾಲೆತ್ತರದ ಮೆಟ್ಟಿಲನ್ನು ಕಂಬಿಗೆ ಜೋತುಬಿದ್ದು ಹತ್ತಿದರು. ಇಷ್ಟು ವರ್ಷ ಇದೇ ಗಲ್ಲಾದಲ್ಲಿ ಕೂತಿದ್ದೆ, ನೋಡಿದ್ದೇನು ಎಂದು ಅವನಿಗೆ ನಾಚಿಕೆಯಾಯಿತು.

ಅವತ್ತು ಬೇಗ ಬಾಗಿಲು ಹಾಕಿ ಮನೆಗೆ ಬಂದ. ಹೆಂಡತಿಯ ಎದುರು ಕೂತು ಕೇಳಿದ.

"ಕಲ್ಯಾಣಿ, ಅವತ್ತು ನೀ ಬಿದ್ದಿದ್ದು ಪ್ಯಾಟ್ಯಾಗ ಎಲ್ಲಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ನಮ್ಮ ಅರವಟ್ಟಿಗಿ ಮುಂದ್ರಿ. ಅದನ್ನ ಸುತ್ತಿ ಹೋಗಾಕ ರಸ್ತೇಕ ಇಳದೆ, ಟ್ರಾಕ್ಟರ್ ಬಂತು."

"ಎಂಟು ತಿಂಗಳು ಹೇಳ್ಲಿಲ್ಲಲ್ಲ ನೀನು."

"ಮಾವಾರು ಇಟ್ಟ ಪುಣ್ಯದ ನೀರು. ಅದಕ್ಕ ನನ್ನ ಕಾಲಿಂದ ಕೆಟ್ಟ ಹೆಸರು ಬರೋದು ಬ್ಯಾಡ ಅನಸ್ತು."

ಹಾಲೇಶಪ್ಪನಿಗೆ ಅಳು ತಡೆಯಲಾಗಲಿಲ್ಲ. ಹೆಂಡತಿಯ ಮೊಣಕಾಲಿನ ಮೇಲೆ ಕೈಯಿಟ್ಟು ಅತ್ತ. ನಡೆಯುವವರಿಗೆ ನೀರು ಕೊಟ್ಟು ಅವರ ದಾರಿಯನ್ನೇ ಕಸಿದುಕೊಂಡಿದ್ದೆ ಎಂಬುದು ಅವನಿಗೆ ಆಗ ತಿಳಿಯಿತು.

ಮರುದಿನ ಬೆಳಿಗ್ಗೆ ಸುತ್ತಿಗೆ ಹಿಡಿದು ತಾನೇ ಕಟ್ಟೆ ಒಡೆಯತೊಡಗಿದ. ಓಬಣ್ಣ ಬಂದು ತಗಡು ಬಿಚ್ಚಿದ. ನೀರಿನ ಗಡಿಗೆಗಳು ಅಂಗಡಿಯೊಳಗೆ, ಬಾಗಿಲಿಗೆ ಹತ್ತಿಕೊಂಡಂತೆ ಬಂದು ಕೂತವು. ಕಲ್ಲುಬೆಂಚನ್ನು ದಾರಿ ಬಿಟ್ಟು ಗೋಡೆಗೆ ಒತ್ತಿ ಇಟ್ಟರು. ಗುರುಶಾಂತ ಮೊದಲು ನಕ್ಕ, ನಿನಗೇನಾಗಿದೆ, ಬಕೆಟ್ಟು ಹೊರಗೆ ಕಾಣದಿದ್ದರೆ ವ್ಯಾಪಾರ ಹೇಗೆ ಎಂದ. ಹಾಲೇಶಪ್ಪ ವಾದ ಮಾಡಲಿಲ್ಲ. ಸಂಜೆ ನನ್ನ ಜೊತೆ ಒಂದು ತಾಸು ನಿಂತು ನೋಡು, ಆಮೇಲೆ ಮಾತಾಡೋಣ ಎಂದಷ್ಟೇ ಹೇಳಿದ. ಗುರುಶಾಂತ ನಿಂತು ನೋಡಿದ. ವಾರದೊಳಗೆ ಅವನ ಚಪ್ಪಲಿ ಸ್ಟ್ಯಾಂಡೂ ಒಳಗೆ ಹೋಯಿತು, ಮೋಟಾರ್ ಸೈಕಲ್ಲು ಹಿಂದಿನ ಓಣಿಗೆ ಹೋಯಿತು. ನೀರು ಕುಡಿಯಲು ಬಂದವರು ಈಗ ಅಂಗಡಿಯೊಳಗೇ ಕಾಲಿಡುತ್ತಿದ್ದರಿಂದ ಹಾಲೇಶಪ್ಪನ ವ್ಯಾಪಾರಕ್ಕೂ ಕುಂದು ಬರಲಿಲ್ಲ.

ಓಣಿಯವರೆಲ್ಲ ಸಹಿ ಹಾಕಿ ಪಟ್ಟಣ ಪಂಚಾಯಿತಿಗೆ ಒಂದು ಅರ್ಜಿ, ಬಸ್ ಡಿಪೋಗೆ ಒಂದು ಅರ್ಜಿ ಕೊಟ್ಟರು. ಬರೆದವಳು ರೇಖಾ, ಏನು ಕೇಳಬೇಕೆಂದು ಹೇಳಿದವನು ಓಬಣ್ಣ. ಫುಟ್‌ಪಾತಿನ ತುದಿಗೆ ಇಳಿಜಾರು ಬೇಕು, ದಾಟುವಲ್ಲಿ ಬಿಳಿಪಟ್ಟಿ ಬೇಕು, ಬಸ್ಸು ಫುಟ್‌ಪಾತಿನ ಅಂಚುಗಲ್ಲಿಗೆ ಒತ್ತಿ ನಿಲ್ಲಬೇಕು. ಎಲ್ಲ ಒಮ್ಮೆಗೇ ಆಗಲಿಲ್ಲ. ಬಿಳಿಪಟ್ಟಿ ಇನ್ನೂ ಬರಬೇಕಿದೆ. ಆದರೆ ಜಾಗ ತೆರವಾದ ಮೇಲೆ ಬಸ್ಸು ತಾನಾಗಿ ಅಂಚಿಗೆ ಬಂತು. ಫುಟ್‌ಪಾತಿನಿಂದ ಬಸ್ಸಿನ ಮೆಟ್ಟಿಲಿಗೆ ಈಗ ಒಂದು ಗೇಣು.

ರೇಖಾ ದಿನಕ್ಕಿಷ್ಟು ಎಂದು ಕಲ್ಯಾಣಮ್ಮನನ್ನು ಹೊರಗೆ ನಡೆಸಿದಳು. ಮೊದಲ ದಿನ ಬಾಗಿಲಿನ ತನಕ, ಆಮೇಲೆ ಓಣಿಯ ತುದಿ, ಆಮೇಲೆ ಗುರುಶಾಂತನ ಅಂಗಡಿ. ರೇಖಾಳ ರಜೆ ಮುಗಿಯುವ ಹಿಂದಿನ ದಿನ ಸೋಮವಾರ. ಕಲ್ಯಾಣಮ್ಮ ಹಸಿರು ಇಳಕಲ್ ಸೀರೆ ಉಟ್ಟಳು. ತಾನು ಬಿದ್ದ ಜಾಗಕ್ಕೆ ಬಂದು ಒಂದು ಗಳಿಗೆ ನಿಂತಳು, ಪಾದವನ್ನು ಸಮತಟ್ಟು ನೆಲದ ಮೇಲೆ ಊರಿ ನೋಡಿದಳು. ಮಾವನವರ ಗಡಿಗೆಯಿಂದ ಒಂದು ಲೋಟ ನೀರು ಕುಡಿದಳು. ಬಸ್ಸು ಬಂತು. ಹಾಲೇಶಪ್ಪ ಕೈ ಹಿಡಿಯಲು ಮುಂದಾದ.

"ಬಿಡ್ರಿ, ನಾ ಒಬ್ಬಾಕೀನ ಹೋಗ್ತೀನಿ," ಎಂದಳು ಅವಳು.

ಹತ್ತಿ, ಕಿಟಕಿಯ ಪಕ್ಕ ಕೂತು, ಗಂಡನಿಗೆ ಕೈ ಬೀಸಿದಳು. ಹಡಗಲಿಯಲ್ಲಿ ಇಳಿದು ಅವಳು ಹೊಳಲಿನ ಬಸ್ಸು ಹಿಡಿಯಬೇಕು, ಸುದ್ದಿ ಬರುವ ತನಕ ಅವನ ಜೀವ ಜೀವದಲ್ಲಿರಲಿಲ್ಲ. ಸಂಜೆ ಫೋನು ಬಂತು.

"ಅಕ್ಕ ನನ್ನ ಮಕ ಹತ್ರ ತಗೊಂಡು ನೋಡಿದ್ಲುರಿ," ಎಂದಳು ಕಲ್ಯಾಣಮ್ಮ. "ಎಷ್ಟು ಸೊರಗಿದ್ಯಲ್ಲೇ ಅಂತ ಬೈದ್ಲು. ನಾ ಸೊರಗಿದ್ದು ಆಕಿಗಿನ್ನೂ ಕಾಣಸ್ತೈತ್ರಿ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೊಟ್ಟೂರು ವಿಯೆನ್ನಾ ಆಗಿಲ್ಲ. ಆಗಲೇಬೇಕು ಎಂದೂ ಯಾರೂ ಹೇಳುತ್ತಿಲ್ಲ. ನೀವು ಕೂಡ್ಲಿಗಿಯವರಿರಿ, ಹಗರಿಬೊಮ್ಮನಹಳ್ಳಿಯವರಿರಿ, ಹರಪನಹಳ್ಳಿಯವರಿರಿ, ಇವತ್ತು ಸಂಜೆ ನಿಮ್ಮ ಮನೆ ಮುಂದೆ, ಅಂಗಡಿ ಮುಂದೆ ಒಂದು ತಾಸು ನಿಂತು ನೋಡಿ. ಯಾರು ರಸ್ತೆಗೆ ಇಳಿಯುತ್ತಿದ್ದಾರೆ, ಯಾಕೆ ಇಳಿಯುತ್ತಿದ್ದಾರೆ ನೋಡಿ. ಅಲ್ಲಿ ನಿಮ್ಮ ಕಟ್ಟೆಯೋ, ಗಾಡಿಯೋ, ಬೋರ್ಡೋ ಇದ್ದರೆ ನಾಳೆಯೇ ಒಳಗೆ ತೆಗೆದುಕೊಳ್ಳಿ. ಇಳಿಜಾರಿಗೆ, ಬಸ್ ನಿಲುಗಡೆಗೆ ನಿಮ್ಮ ಪಂಚಾಯಿತಿಗೆ ಓಣಿಯವರೆಲ್ಲ ಸೇರಿ ಅರ್ಜಿ ಕೊಡಿ. ನಿಮ್ಮ ಮನೆಯಲ್ಲೂ ಎಲ್ಲಿ ಬಿದ್ದೆ ಎಂದು ಹೇಳದೆ ಸುಮ್ಮನೆ ಕೂತವರು ಒಬ್ಬರು ಇರಬಹುದು. ಅವರನ್ನು ಇವತ್ತೇ ಕೇಳಿ.